ಬೆರಳಿನ ಹತ್ತಿರವೇ ಇದ್ದ ಮಸೂರ

ಫ್ಲಾರೆನ್ಸಿನಲ್ಲಿ ಆರ್ನೋ ನದಿಯ ಪಕ್ಕಕ್ಕೇ ಗೆಲಿಲಿಯೋ ಹೆಸರಿನ ಮ್ಯೂಸಿಯಂ ಇದೆ. ಅಲ್ಲಿ ಮೊಟ್ಟೆಯಾಕಾರದ ಗಾಜಿನ ಪಾತ್ರೆಯೊಳಗೆ ಅವನ ಬಲಗೈಯ ನಡುಬೆರಳು ನೆಟ್ಟಗೆ ನಿಂತಿದೆ. ಅವನು ತೀರಿಕೊಂಡದ್ದು 1642ರಲ್ಲಿ. 95 ವರ್ಷ ಕಳೆದ ಮೇಲೆ, 1737ರಲ್ಲಿ, ಅವನ ದೇಹವನ್ನು ಸಾಂತಾ ಕ್ರೋಚೆ ಚರ್ಚಿನ ಈಗಿನ ಸಮಾಧಿಗೆ ಸಾಗಿಸಿದರು. ಆಗ ಅಭಿಮಾನಿಗಳು ತೆಗೆದಿಟ್ಟುಕೊಂಡ ಬೆರಳು ಅದು. ಒಣಗಿ ಕಂದಾಗಿದೆ. ಅದರ ಮುಂದೆ ಜನ ಗುಂಪು ಕಟ್ಟಿ ನಿಂತಿದ್ದರು. ನಾನೂ ನಿಂತೆ. ಫೋಟೋ ತೆಗೆದೆ.

ಅದೇ ಮ್ಯೂಸಿಯಂನಲ್ಲಿ ಆನೆದಂತದ ದೊಡ್ಡ ಚೌಕಟ್ಟಿನ ನಡುವೆ ಒಂದು ಪುಟ್ಟ ಗಾಜಿನ ಬಿಲ್ಲೆಯೂ ಇದೆ. ಅಗಲ ನಾಲ್ಕು ಸೆಂಟಿಮೀಟರೂ ಇಲ್ಲ. ಬಿರುಕು ಬಿಟ್ಟಿದೆ. 1610ರ ಜನವರಿಯಲ್ಲಿ ಗುರುಗ್ರಹದ ಚಂದ್ರರು ಮೊದಲ ಬಾರಿ ಮನುಷ್ಯನ ಕಣ್ಣಿಗೆ ಬಿದ್ದದ್ದು ಈ ಮಸೂರದ ಮೂಲಕ. ಭೂಮಿಯನ್ನು ಬಿಟ್ಟು ಬೇರೆ ಯಾವುದನ್ನೋ ಸುತ್ತುವ ನಾಲ್ಕು ಚುಕ್ಕೆಗಳು. ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂಬ ಮಾತು ಅಲ್ಲಿಗೆ ಅಲುಗಾಡಿತು. ಆ ಬಿಲ್ಲೆಯ ಮುಂದೆ ಯಾರೂ ಇರಲಿಲ್ಲ. ನಾನೂ ಅರೆ ನಿಮಿಷ ನೋಡಿ ಮುಂದಕ್ಕೆ ಹೋದೆ.

ರಾತ್ರಿ ಕೋಣೆಗೆ ಬಂದು ಫೋಟೋಗಳನ್ನು ನೋಡಿದೆ. ಬೆರಳಿನದು ಏಳು ಇದ್ದವು. ಮಸೂರದ್ದು ಒಂದೂ ಇರಲಿಲ್ಲ. ಅದು ನನ್ನನ್ನು ತುಂಬಾ ಕಾಡಿತು. ಅಷ್ಟು ದೂರ ಹೋಗಿ ನಾನು ನೋಡಿ ಬಂದದ್ದು ಏನನ್ನು?

ಆವರೆಗೆ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ. ವಿಜ್ಞಾನಿಗಳ ಮನೆಗಳನ್ನು ಹುಡುಕಿಕೊಂಡು ಹೋಗುವುದು. ಅವರು ಕೂತ ಕುರ್ಚಿ, ಹತ್ತಿದ ಮೆಟ್ಟಿಲು, ಕಿಟಕಿಯಿಂದ ಕಾಣುವ ಹೊಲ. ಊಲ್ಸ್‌ಥಾರ್ಪ್‌ನಲ್ಲಿ ನ್ಯೂಟನ್ ಹುಟ್ಟಿದ ಮನೆ ನೋಡಿದ್ದೆ. ಸೇಬಿನ ಮರ ಈಗಲೂ ಇದೆ. 1820ರ ಬಿರುಗಾಳಿಗೆ ಉರುಳಿ, ಬಿದ್ದಲ್ಲೇ ಮತ್ತೆ ಚಿಗುರಿದ ಮರ ಅಂತ ಹೇಳುತ್ತಾರೆ. ಬರ್ನ್ ನಗರದಲ್ಲಿ ಐನ್‌ಸ್ಟೈನ್ 1903ರಿಂದ 1905ರವರೆಗೆ ಬಾಡಿಗೆಗಿದ್ದ ಎರಡನೇ ಮಹಡಿಯ ಮನೆಯನ್ನೂ ನೋಡಿದ್ದೆ. ಎರಡೂ ಕಡೆ ಮೈ ಜುಮ್ಮೆಂದಿತ್ತು. ಆ ಜುಮ್ಮೆನ್ನುವುದು ಸುಳ್ಳಲ್ಲ, ಅದನ್ನು ನಾನು ಹಗುರವಾಗಿ ನೋಡುವುದೂ ಇಲ್ಲ. ಆದರೆ ಮನೆಗೆ ಮರಳಿದ ಮೇಲೆ ಗುರುತ್ವದ ಬಗ್ಗೆಯಾಗಲಿ ಬೆಳಕಿನ ಬಗ್ಗೆಯಾಗಲಿ ನನಗೆ ಒಂದು ಎಳೆಯೂ ಜಾಸ್ತಿ ಗೊತ್ತಾಗಿರಲಿಲ್ಲ.

ಸ್ವಲ್ಪ ಬೇರೆ ಅನ್ನಿಸಿದ್ದು ಬಾತ್ ಊರಿನ ಹರ್ಷೆಲ್ ಮನೆ. ನ್ಯೂ ಕಿಂಗ್ ಬೀದಿಯ 19ನೇ ನಂಬರ್. ಸಾಲು ಮನೆಗಳಲ್ಲಿ ಒಂದು. ಹಿಂದೆ ಉದ್ದನೆಯ ಕಿರಿದಾದ ಕೈತೋಟ. ವಿಲಿಯಂ ಹರ್ಷೆಲ್ ಹೊಟ್ಟೆಪಾಡಿಗೆ ಸಂಗೀತಗಾರ. ಚರ್ಚಿನಲ್ಲಿ ಆರ್ಗನ್ ನುಡಿಸುವುದು, ಪಾಠ ಹೇಳುವುದು. ರಾತ್ರಿ ಆಕಾಶ ನೋಡುವುದು. 1781ರ ಮಾರ್ಚ್ 13ರ ರಾತ್ರಿ ಈ ಕೈತೋಟದಲ್ಲಿ, ತಾನೇ ಮಾಡಿಕೊಂಡ ದೂರದರ್ಶಕದಲ್ಲಿ, ಚುಕ್ಕೆಯಂತಿರದೆ ಸಣ್ಣ ತಟ್ಟೆಯಂತೆ ಕಂಡ ಒಂದು ಬೆಳಕನ್ನು ಗುರುತಿಸಿದ. ಮೊದಲು ಧೂಮಕೇತು ಅಂದುಕೊಂಡ. ಅದು ಯುರೇನಸ್ ಗ್ರಹವಾಗಿತ್ತು. ಸೂರ್ಯನಿಂದ ಶನಿ ಎಷ್ಟು ದೂರವೋ ಅದರ ಎರಡರಷ್ಟು ದೂರದಲ್ಲಿರುವ ಗ್ರಹ. ಒಂದೇ ರಾತ್ರಿಯಲ್ಲಿ ಸೌರಮಂಡಲದ ಅಗಲ ಎರಡು ಪಟ್ಟಾಯಿತು.

ಆದರೆ ಆ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೈತೋಟವಲ್ಲ, ಕೆಲಸದ ಕೋಣೆಯ ನೆಲ. ಅದೇ ವರ್ಷ ಆಗಸ್ಟ್‌ನಲ್ಲಿ ಹರ್ಷೆಲ್ ಮೂರು ಅಡಿ ಅಗಲದ ಕನ್ನಡಿ ಎರಕ ಹೊಯ್ಯಲು ಹೊರಟ. ಆಗ ದೂರದರ್ಶಕದ ಕನ್ನಡಿ ಅಂದರೆ ಗಾಜಲ್ಲ. ತಾಮ್ರ ಮತ್ತು ತವರ ಬೆರೆಸಿದ ಲೋಹ. ಅಚ್ಚು ಮಾಡಲು ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿಯಬೇಕಿತ್ತು. ಆ ಕೆಲಸದಲ್ಲಿ ತಂಗಿ ಕ್ಯಾರೊಲಿನ್ ಕೂಡ ಗಂಟೆಗಟ್ಟಲೆ ಕೂತಿದ್ದಳು. ಮೊದಲ ಸಲ ಅಚ್ಚು ಸೋರಿತು. ಇನ್ನೊಂದು ಸಲ ಕುದಿಯುವ ಲೋಹ ಕಲ್ಲು ಚಪ್ಪಡಿಯ ನೆಲಕ್ಕೆ ಹರಿದು, ಬಿಸಿಗೆ ಕಲ್ಲುಗಳು ಸಿಡಿದು ಚೂರುಗಳು ಹಾರಿದವು. ಎಲ್ಲರೂ ಬಾಗಿಲಿಗೆ ಓಡಿದರು. ಆ ಸೀಳುಗಳು ಈಗಲೂ ನೆಲದ ಮೇಲಿವೆ.

ಮಂಡಿಯೂರಿ ಕೂತು ನೋಡಿದೆ. ಪುಸ್ತಕದಲ್ಲಿ 'ದೂರದರ್ಶಕ ತಯಾರಿಸಿದರು' ಎಂದು ಎರಡೇ ಪದದಲ್ಲಿ ಓದಿರುತ್ತೇವೆ. ಆ ಎರಡು ಪದದೊಳಗೆ ಈ ಕಾವು, ಈ ಲದ್ದಿಯ ಧೂಳು, ಬಾಗಿಲಿಗೆ ಓಡಿದ ಕಾಲುಗಳು ಎಲ್ಲ ಇವೆ ಅಂತ ಆಗ ಗೊತ್ತಾಯಿತು. ಕ್ಯಾರೊಲಿನ್ ಮುಂದೆ ತಾನೇ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. 1787ರಿಂದ ಆಕಾಶ ನೋಡುವ ಕೆಲಸಕ್ಕೇ ಅವಳಿಗೆ ರಾಜನಿಂದ ಸಂಬಳ ಬರತೊಡಗಿತು. ಅದೆಲ್ಲ ಸರಿ. ಆದರೆ ಜರಡಿ ಹಿಡಿದು ಕೂತಿದ್ದ ಅವಳನ್ನು ನೆನೆಸಿಕೊಳ್ಳದೆ ಆ ಎಂಟು ಧೂಮಕೇತುಗಳ ಬಗ್ಗೆ ಹೇಳಲು ನನಗೆ ಈಗ ಆಗುವುದಿಲ್ಲ.

ಬಾತ್‌ನಿಂದ ಬಂದ ಮೇಲೆ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಅವಳಿಗೆ ಆಗ ಹತ್ತು ವರ್ಷ. ಲಂಡನ್ನಿನ ಸೋಹೋದಲ್ಲಿ ಬ್ರಾಡ್‌ವಿಕ್ ಬೀದಿಯ ನೀರಿನ ಪಂಪ್ ತೋರಿಸಲು ಕರೆದೊಯ್ದಿದ್ದೆ. ಹಿಡಿ ಇಲ್ಲದ ಪಂಪ್ ಅದು. 1854ರ ಆಗಸ್ಟ್ ಕೊನೆಯಲ್ಲಿ ಈ ಬೀದಿಯ ಸುತ್ತ ಕಾಲರಾ ಎದ್ದಿತು. ಹತ್ತು ದಿನಗಳಲ್ಲಿ ಐನೂರಕ್ಕೂ ಜಾಸ್ತಿ ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಅಂತ ಆಗಿನ ಬಹುಪಾಲು ವೈದ್ಯರು ನಂಬಿದ್ದರು. ಜಾನ್ ಸ್ನೋ ಮಾತ್ರ ನೀರಿನ ಮೇಲೆ ಅನುಮಾನ ಪಟ್ಟ. ಸತ್ತವರ ಮನೆಮನೆಗೆ ಹೋಗಿ ನೀರು ಎಲ್ಲಿಂದ ತರುತ್ತಿದ್ದಿರಿ ಅಂತ ಕೇಳಿದ. ಸಾವುಗಳು ಈ ಪಂಪಿನ ಸುತ್ತಲೇ ಮುತ್ತಿಕೊಂಡಿದ್ದವು. ಅಷ್ಟೇ ಆಗಿದ್ದರೆ ಗಾಳಿಯ ವಾದದವರೂ ಅದನ್ನೇ ತೋರಿಸಬಹುದಿತ್ತು. ಹಾಗಾಗಿ ಸ್ನೋ ವಿಚಿತ್ರ ಅನ್ನಿಸುವ ಮನೆಗಳನ್ನು ಹುಡುಕಿದ. ಹತ್ತಿರದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಎಪ್ಪತ್ತು ಚಿಲ್ಲರೆ ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಆ ಪಂಪಿನ ನೀರು ಕುಡಿಯುತ್ತಿರಲಿಲ್ಲ. ಎಷ್ಟೋ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತಳು. ಆಕೆ ಮೊದಲು ಈ ಬೀದಿಯಲ್ಲಿದ್ದವಳು. ಇಲ್ಲಿನ ನೀರಿನ ರುಚಿ ಇಷ್ಟವಾಗಿ ದಿನವೂ ತರಿಸಿಕೊಳ್ಳುತ್ತಿದ್ದಳು.

ಒಂದೇ ಗಾಳಿ ಉಸಿರಾಡಿದವರು ಬದುಕಿದರು. ಬೇರೆ ಗಾಳಿ ಉಸಿರಾಡಿ ಇದೇ ನೀರು ಕುಡಿದವಳು ಸತ್ತಳು. ನನ್ನ ಮಟ್ಟಿಗೆ ಆ ಕಥೆಯ ಜೀವ ಇರುವುದು ಇಲ್ಲೇ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದರು. ಆ ಹೊತ್ತಿಗೆ ರೋಗ ಇಳಿಯುತ್ತಿತ್ತು ಅಂತ ಸ್ನೋ ಸ್ವತಃ ಒಪ್ಪಿಕೊಂಡಿದ್ದಾನೆ. ಹಿಡಿ ತೆಗೆದ ಕೂಡಲೇ ಕಾಲರಾ ನಿಂತಿತು ಅಂತ ಹೇಳುವುದು ಚೆಂದ, ಆದರೆ ನಿಜವಲ್ಲ.

ಮಗಳು ಎಲ್ಲ ಕೇಳಿಸಿಕೊಂಡು ಪಂಪನ್ನು ಮುಟ್ಟಿ ನೋಡಿದಳು.

"ಅಮ್ಮಾ, ಇದು ಅದೇ ಪಂಪಾ?"

"ಅಲ್ಲ ಮರಿ. ಅದರ ಹಾಗೇ ಮಾಡಿದ್ದು."

"ಮತ್ತೆ ಇಲ್ಲಿ ನಿಜವಾದದ್ದು ಯಾವುದು?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಬೀದಿ ನಿಜ ಕಣೇ, ಜಾಗ ನಿಜ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಆದರೆ ಆ ಪ್ರಶ್ನೆ ಮಾತ್ರ ಮುಂದೆ ಎಲ್ಲಿಗೆ ಹೋದರೂ ನಮ್ಮ ಜೊತೆಗೇ ಬಂತು.

ಎರಡು ದಿನ ಬಿಟ್ಟು ಗ್ರೀನಿಚ್ ವೀಕ್ಷಣಾಲಯಕ್ಕೆ ಹೋದೆವು. ಅಂಗಳದಲ್ಲಿ ಸೊನ್ನೆ ರೇಖಾಂಶದ ಗೆರೆ ಇದೆ. ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ನಿಲ್ಲಲು ಸರದಿ. ಮಗಳೂ ನಿಂತಳು. ನಾನು ಫೋನ್ ತೆಗೆದು ಜಿಪಿಎಸ್ ನೋಡಿದೆ. ಸೊನ್ನೆ ಇರಲಿಲ್ಲ. ಇಬ್ಬರೂ ಫೋನ್ ನೋಡಿಕೊಂಡು ಪೂರ್ವಕ್ಕೆ ನಡೆದೆವು. ಗೇಟು ದಾಟಿ ಪಾರ್ಕಿನೊಳಗೆ ಬಂದ ಮೇಲೆ ಸೊನ್ನೆ ಸಿಕ್ಕಿತು. ಗೆರೆಯಿಂದ 102 ಮೀಟರ್ ದೂರದಲ್ಲಿ. ಅಲ್ಲಿ ಯಾವ ಗೆರೆಯೂ ಇಲ್ಲ, ಸರದಿಯೂ ಇಲ್ಲ. ಜನ ನಾಯಿ ಕರೆದುಕೊಂಡು ಓಡಾಡುತ್ತಿದ್ದರು.

ಹಾಗಾದರೆ ಗೆರೆ ಎಳೆದವರು ತಪ್ಪು ಮಾಡಿದರಾ? ಇಲ್ಲ. ಈ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಜಾರ್ಜ್ ಏರಿ 1851ರಿಂದ ಬಳಸಿದ ದೂರದರ್ಶಕ ಇರುವ ಜಾಗ ಅದು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ದೇಶಗಳು ಒಪ್ಪಿದ್ದೂ ಅದನ್ನೇ. ಏರಿಯ ಉಪಕರಣವನ್ನು ಮಟ್ಟ ಹಿಡಿಯಲು ಪಾದರಸ ಬಳಸುತ್ತಿದ್ದರು. ಪಾದರಸದ ಮೈ ಆ ಜಾಗದ ಗುರುತ್ವಕ್ಕೆ ತಕ್ಕಂತೆ ನಿಲ್ಲುತ್ತದೆ. ಆದರೆ ಭೂಮಿ ಎಲ್ಲ ಕಡೆ ಒಂದೇ ಸಮ ಇಲ್ಲ. ಒಳಗಿನ ಕಲ್ಲುಮಣ್ಣಿನ ಹಂಚಿಕೆಯಿಂದ ತೂಗುಗುಂಡು ಕೂಡ ಭೂಮಿಯ ಕೇಂದ್ರದತ್ತ ಕರಾರುವಾಕ್ಕಾಗಿ ತೋರಿಸುವುದಿಲ್ಲ, ಕೊಂಚ ಓರೆಯಾಗುತ್ತದೆ. ಉಪಗ್ರಹಗಳ ಲೆಕ್ಕವಾದರೋ ಭೂಮಿಯ ಕೇಂದ್ರದಿಂದ ಶುರುವಾಗುತ್ತದೆ. ಆ ಚೂರು ಓರೆಯೇ ನೆಲದ ಮೇಲೆ 102 ಮೀಟರ್ ಆಗಿದೆ.

ಇದನ್ನು ನಾನು ಮೊದಲೇ ಓದಿದ್ದೆ. ಆದರೆ ಓದುವುದು ಬೇರೆ, 102 ಮೀಟರ್ ನಡೆಯುವುದು ಬೇರೆ, ಅಲ್ವಾ? ಕಾಲಡಿಯ ನೆಲ ಸಮನಾಗಿಲ್ಲ ಅನ್ನುವುದನ್ನು ನಾವು ಹೆಜ್ಜೆ ಹಾಕಿ ಅಳೆದಿದ್ದೆವು. ಗಾಜಿನ ಹಿಂದೆ ಇಟ್ಟ ವಸ್ತುವನ್ನು ನೋಡಿದ ಅನುಭವ ಅಲ್ಲ ಅದು. ಅಲ್ಲಿನ ಸಾಕ್ಷಿ ಇನ್ನೂ ಕೆಲಸ ಮಾಡುತ್ತಿತ್ತು. ಬೆರಳಿಗೂ ಮಸೂರಕ್ಕೂ ಇರುವ ವ್ಯತ್ಯಾಸ ನನಗೆ ಮಾತಿನಲ್ಲಿ ಸಿಕ್ಕಿದ್ದು ಆ ಪಾರ್ಕಿನಲ್ಲಿ. ಕೆಲವು ಜಾಗಗಳು ಒಬ್ಬ ಮನುಷ್ಯ ಇಲ್ಲಿದ್ದ ಅಂತ ಹೇಳುತ್ತವೆ. ಕೆಲವು ಜಾಗಗಳಲ್ಲಿ ಅವನು ಕಂಡದ್ದನ್ನು ನಾವೂ ಕಾಣಬಹುದು.

ಆಮೇಲೆ ನಾನು ಹುಡುಕಿದ್ದೆಲ್ಲ ಎರಡನೆಯ ಬಗೆಯ ಜಾಗಗಳನ್ನೇ.

ಅಂಥದ್ದರಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯ ಸಿಕ್ಕರ್ ಪಾಯಿಂಟ್. ಹೊಲಗಳ ಅಂಚಿನಲ್ಲಿ ನಡೆದು, ಕಡಿದಾದ ಹುಲ್ಲಿನ ಇಳಿಜಾರು ಇಳಿದರೆ ಸಮುದ್ರಕ್ಕೆ ಚಾಚಿದ ಬಂಡೆ. ಅಲ್ಲಿಗೆ ಒಬ್ಬಳೇ ಹೋಗಿದ್ದೆ. ಹುಲ್ಲು ಒದ್ದೆಯಾಗಿತ್ತು. ಅರ್ಧ ಇಳಿಜಾರನ್ನು ಕೂತುಕೊಂಡೇ ಇಳಿದೆ.

ಕೆಳಗೆ ಎರಡು ಬಗೆಯ ಕಲ್ಲುಗಳಿವೆ. ಅಡಿಯಲ್ಲಿ ಬೂದು ಬಣ್ಣದ ಕಲ್ಲಿನ ಪದರಗಳು. ಅವು ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳ ಹಾಗೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲಿನ ಪದರಗಳು, ಸ್ವಲ್ಪ ಓರೆಯಾಗಿ ಮಲಗಿವೆ. ಅಷ್ಟೇ ಇರುವುದು. 1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟ್ಟನ್ ಇಬ್ಬರು ಗೆಳೆಯರೊಡನೆ ದೋಣಿಯಲ್ಲಿ ಬಂದು ಇದನ್ನು ನೋಡಿದ. ಭೂಮಿಗೆ ಸುಮಾರು ಆರು ಸಾವಿರ ವರ್ಷ ವಯಸ್ಸು ಅಂತ ಬಹಳ ಜನ ನಂಬಿದ್ದ ಕಾಲ ಅದು.

ಹಟ್ಟನ್ ಒಂದು ಕಾಲಕ್ಕೆ ಬೇಸಾಯ ಮಾಡಿದವನು. ಮಳೆಗೆ ಹೊಲದ ಮಣ್ಣು ಹೇಗೆ ಕೊಚ್ಚಿಹೋಗುತ್ತದೆ, ಎಷ್ಟು ನಿಧಾನವಾಗಿ ಹೋಗುತ್ತದೆ ಅನ್ನುವುದು ಅವನಿಗೆ ಗೊತ್ತು. ಅವನು ಈ ಬಂಡೆಯನ್ನು ಓದಿದ ರೀತಿ ಹೀಗೆ. ಬೂದು ಪದರಗಳು ನೀರಿನಡಿಯಲ್ಲಿ ಕೆಸರಾಗಿ ಮಲಗಿದ್ದವು. ಗಟ್ಟಿಯಾಗಿ ಕಲ್ಲಾದವು. ಆಮೇಲೆ ಭೂಮಿ ಅವನ್ನು ಮಡಚಿ ಎತ್ತಿ ನಿಲ್ಲಿಸಿತು. ಹಾಗೆ ಎದ್ದ ಬೆಟ್ಟವನ್ನು ಗಾಳಿ, ಮಳೆ ಸವೆಸಿ ಚಪ್ಪಟೆ ಮಾಡಿದವು. ಅದರ ಮೇಲೆ ಹೊಸದಾಗಿ ಮರಳು ಬಂದು ಕೂತಿತು. ಅದೂ ಕಲ್ಲಾಯಿತು. ಮತ್ತೆ ಎಲ್ಲವೂ ಮೇಲೆದ್ದು, ಈಗ ಸಮುದ್ರ ಅದನ್ನು ಸವೆಸುತ್ತಿದೆ. ಒಂದೊಂದಕ್ಕೂ ಎಷ್ಟು ಕಾಲ ಬೇಕು? ಜೊತೆಗಿದ್ದ ಜಾನ್ ಪ್ಲೇಫೇರ್, ಕಾಲದ ಆಳಕ್ಕೆ ಅಷ್ಟು ದೂರ ಇಣುಕಿ ತಲೆ ತಿರುಗಿದಂತಾಯಿತು ಅಂತ ಮುಂದೆ ಬರೆದ. ಈಗಿನ ಲೆಕ್ಕದಲ್ಲಿ ಕೆಳಗಿನ ಕಲ್ಲಿಗೆ ಸುಮಾರು 43.5 ಕೋಟಿ ವರ್ಷ, ಮೇಲಿನದಕ್ಕೆ ಸುಮಾರು 37 ಕೋಟಿ ವರ್ಷ. ನಡುವೆ ಆರು ಕೋಟಿಗೂ ಮೀರಿದ ಅಂತರ.

ಎರಡು ಕಲ್ಲೂ ಕೂಡುವ ಜಾಗದಲ್ಲಿ ಕೈಯಿಟ್ಟೆ. ಹೆಬ್ಬೆರಳು ಬೂದು ಕಲ್ಲಿನ ಮೇಲೆ, ಕಿರುಬೆರಳು ಕೆಂಪಿನ ಮೇಲೆ. ಕೆಂಪು ಕಲ್ಲಿನ ತಳದಲ್ಲಿ ಬೂದು ಕಲ್ಲಿನ ಮುರುಕು ಚೂರುಗಳು ಸಿಕ್ಕಿಹಾಕಿಕೊಂಡಿವೆ. ಅದು ಕಂಡಾಗ ನನಗೆ ಉಸಿರು ನಿಂತ ಹಾಗಾಯಿತು. ಕೆಂಪು ಮರಳು ಬಂದು ಬೀಳುವ ಹೊತ್ತಿಗೆ ಬೂದು ಕಲ್ಲು ಆಗಲೇ ಹಳತಾಗಿ, ಒಡೆದು, ಚೂರಾಗಿ ಬಿದ್ದಿತ್ತು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಕಣ್ಣೆದುರಿಗೇ ಇತ್ತು. ಹಟ್ಟನ್ ಎಷ್ಟು ದೊಡ್ಡವನು ಅಂತ ನಂಬಬೇಕಾದ ಅಗತ್ಯವೂ ಇರಲಿಲ್ಲ. ಅನುಮಾನ ಬಂದವರು ಹೋಗಿ ನೋಡಬಹುದು. ಅಲೆಗಳು ಬಂದು ಬಡಿಯುತ್ತಿದ್ದವು. ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಮತ್ತೊಂದು ರಜೆಯಲ್ಲಿ ಪ್ಯಾರಿಸ್ಸಿಗೆ ಹೋದಾಗ ಮಗಳು ಜೊತೆಗಿದ್ದಳು. ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂಗಾಗಿ ದುಡಿದ ಷೆಡ್ ಈಗ ಇಲ್ಲ. ಸೋರುವ ಗಾಜಿನ ಮಾಡಿನ ಆ ಷೆಡ್ಡಿನಲ್ಲಿ ಟನ್ನುಗಟ್ಟಲೆ ಅದಿರಿನ ಕಸವನ್ನು ಕುದಿಸಿ, ಸೋಸಿ, 1902ರ ಹೊತ್ತಿಗೆ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್ ಪಡೆದಿದ್ದರು. ಷೆಡ್ ಹೋಯಿತು. ಆದರೆ ಅವರ ನೋಟ್‌ಬುಕ್‌ಗಳನ್ನು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಅವು ಇನ್ನೂ ವಿಕಿರಣ ಸೂಸುತ್ತಿವೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಬರೆದ ಅಕ್ಷರ ಏನು ಹೇಳುತ್ತದೋ ಅದನ್ನೇ ಹಾಳೆಯೂ ಹೇಳುತ್ತಿದೆ. ಅವುಗಳನ್ನು ನಾವು ನೋಡಲಿಲ್ಲ. ಹಾಗೊಂದು ಪೆಟ್ಟಿಗೆ ಇದೇ ಊರಿನಲ್ಲಿದೆ ಅನ್ನುವುದೇ ನನಗೆ ದೊಡ್ಡದಾಗಿತ್ತು.

ನಾವು ನೋಡಿದ್ದು ಪಾಂತಿಯೋನ್ ಕಟ್ಟಡದ ಲೋಲಕ. 1851ರಲ್ಲಿ ಲಿಯೋನ್ ಫೂಕೋ ಇಲ್ಲಿನ ಗುಮ್ಮಟದಿಂದ 67 ಮೀಟರ್ ಉದ್ದದ ತಂತಿಯಲ್ಲಿ 28 ಕಿಲೋ ತೂಕದ ಗುಂಡನ್ನು ತೂಗುಬಿಟ್ಟ. ಒಮ್ಮೆ ಹೋಗಿ ಬರಲು ಹದಿನಾರೂವರೆ ಸೆಕೆಂಡ್. ಗುಂಡು ತಾನು ತೂಗುವ ದಿಕ್ಕನ್ನು ಬದಲಿಸಿಕೊಳ್ಳುವುದಿಲ್ಲ, ಆದರೆ ಅಡಿಯ ನೆಲ ತಿರುಗುತ್ತದೆ. ಹಾಗಾಗಿ ನೋಡುವವರಿಗೆ ಅದರ ದಾರಿ ಗಂಟೆಗೆ ಸುಮಾರು 11 ಡಿಗ್ರಿ ಸರಿದಂತೆ ಕಾಣುತ್ತದೆ. ಧ್ರುವದಲ್ಲಾದರೆ 15 ಡಿಗ್ರಿ. ಭೂಮಧ್ಯರೇಖೆಯಲ್ಲಿ ಏನೂ ಇಲ್ಲ.

ಬಹುತೇಕ ಜನ ಎರಡು ನಿಮಿಷ ನೋಡಿ ಹೊರಡುತ್ತಾರೆ. ಎರಡು ನಿಮಿಷದಲ್ಲಿ ಕಾಣುವುದು ಸುಮ್ನೆ ಒಂದು ಗುಂಡು ತೂಗುವುದು ಮಾತ್ರ. ನಾವು ಒಂದು ಗಂಟೆ ಇರೋಣ ಅಂತ ನಿರ್ಧರಿಸಿಕೊಂಡೇ ಬಂದಿದ್ದೆವು. ಮೊದಲು ಗುಂಡು ಯಾವ ಅಂಕಿಯ ಮೇಲೆ ಹಾದುಹೋಗುತ್ತಿದೆ ಅಂತ ಮಗಳು ಬರೆದುಕೊಂಡಳು. ಇಪ್ಪತ್ತು ನಿಮಿಷಕ್ಕೆ ನಮಗೆ ಬೇಜಾರಾಗತೊಡಗಿತು. ನಲವತ್ತಕ್ಕೆ ಅವಳೇ ಎದ್ದು ಕೂತಳು. ದಾರಿ ಸರಿದಿತ್ತು, ಯಾರೂ ತಳ್ಳಿರಲಿಲ್ಲ.

"ಅಮ್ಮಾ, ಈ ಗುಂಡೂ ನಕಲಾ?"

ಹೌದು, ನಕಲೇ. ಫೂಕೋನ ಗುಂಡು ಬೇರೊಂದು ಮ್ಯೂಸಿಯಂನಲ್ಲಿತ್ತು. 2010ರಲ್ಲಿ ಅದರ ತಂತಿ ತುಂಡಾಗಿ, ನೆಲಕ್ಕೆ ಬಿದ್ದು ಗುಂಡು ನಜ್ಜಾಯಿತು.

"ಗುಂಡು ನಕಲು" ಅಂದೆ.

ಅವಳು ನೋಟ್‌ಬುಕ್ಕಿನ ಅಂಕಿ ನೋಡಿದಳು, ನೆಲದ ಅಂಕಿ ನೋಡಿದಳು. "ಆದರೆ ತಿರುಗ್ತಿರೋದು ನಾವು ತಾನೇ? ಅದು ನಕಲಲ್ಲ."

ಹಿಡಿ ಇಲ್ಲದ ಪಂಪಿನ ಮುಂದೆ ನನಗೆ ಹೊಳೆಯದೇ ಹೋದ ಉತ್ತರವನ್ನು ಅವಳೇ ಹೇಳಿದ್ದಳು.

ಈ ಫೆಬ್ರುವರಿಯ ಎರಡನೇ ವಾರ ಜೈಪುರದ ಜಂತರ್ ಮಂತರ್‌ಗೆ ಹೋಗಿದ್ದೆವು. ಎರಡನೇ ಜೈಸಿಂಗ್ ಮಹಾರಾಜ 18ನೇ ಶತಮಾನದ ಮೊದಲ ಅರ್ಧದಲ್ಲಿ ಕಟ್ಟಿಸಿದ್ದು. ಗಾಜು, ಮಸೂರ ಯಾವುದೂ ಇಲ್ಲ. ಕಲ್ಲು, ಗಾರೆ, ನೆರಳು. ಅಲ್ಲಿನ ಸಮ್ರಾಟ್ ಯಂತ್ರ 27 ಮೀಟರ್ ಎತ್ತರದ ಸೂರ್ಯಗಡಿಯಾರ. ಅದರ ಇಳಿಜಾರು ಗೋಡೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ಇಷ್ಟು ದೊಡ್ಡದು ಯಾಕೆ ಅಂದರೆ, ದೊಡ್ಡದಾದಷ್ಟೂ ನೆರಳು ಬೇಗ ಸರಿಯುತ್ತದೆ, ಗೆರೆಗಳನ್ನು ಸಣ್ಣಸಣ್ಣದಾಗಿ ಕೊರೆಯಬಹುದು. ಎರಡು ಸೆಕೆಂಡಿಗೊಂದು ಗೆರೆ.

ಮೊದಲು ಪಕ್ಕದ ಚಿಕ್ಕ ಯಂತ್ರದಲ್ಲಿ ಸಮಯ ಓದಿದೆವು. ಅದರಲ್ಲಿ 20 ಸೆಕೆಂಡಿಗೊಂದು ಗೆರೆ. ಸಿಕ್ಕಿದ್ದು ಜೈಪುರದ ಸೂರ್ಯನ ಸಮಯ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಅದು ಇಲ್ಲಿಂದ ಪೂರ್ವಕ್ಕಿದೆ. ಅದಕ್ಕೆ ಸುಮಾರು 27 ನಿಮಿಷ ಸೇರಿಸಬೇಕು. ಭೂಮಿಯ ಕಕ್ಷೆ ಸರಿಯಾದ ವೃತ್ತವಲ್ಲ, ಅಕ್ಷ ಬೇರೆ ಓರೆ. ಹಾಗಾಗಿ ಫೆಬ್ರುವರಿಯ ಆ ದಿನಗಳಲ್ಲಿ ಇನ್ನೂ 14 ನಿಮಿಷ. ಒಟ್ಟು 41. ಮಗಳು ಕೂಡಿಸಿ ಫೋನಿನ ಜೊತೆ ಹೋಲಿಸಿದಳು. ಅರ್ಧ ನಿಮಿಷದಷ್ಟು ವ್ಯತ್ಯಾಸ ಬಂತು.

"ತಪ್ಪು ನಮ್ಮದಾ, ಯಂತ್ರದ್ದಾ?"

ದೊಡ್ಡ ಯಂತ್ರದ ಹತ್ತಿರ ಹೋಗಿ ನೆರಳಿನ ಅಂಚು ತೋರಿಸಿದೆ. ಅಂಚು ಚೂಪಾಗಿಲ್ಲ. ಸೂರ್ಯ ಚುಕ್ಕೆಯಲ್ಲ, ತಟ್ಟೆ. ಹಾಗಾಗಿ ಅಷ್ಟು ದೂರದಿಂದ ಬೀಳುವ ನೆರಳಿನ ಅಂಚು ಅಂಗೈ ಅಗಲಕ್ಕಿಂತ ಜಾಸ್ತಿ ಮಸುಕು. ಎರಡು ಸೆಕೆಂಡಿನ ಗೆರೆ ಇದ್ದರೂ ನೆರಳು ಎಲ್ಲಿ ಮುಗಿಯಿತು ಅಂತ ಹೇಳುವುದೇ ಕಷ್ಟ. ತೆಳ್ಳನೆಯ ದಾರ ಹಿಡಿದು, ಅದರ ನೆರಳು ಎಲ್ಲಿ ಮಾಯವಾಗುತ್ತದೆ ಅಂತ ನೋಡುವ ಉಪಾಯವಿದೆ. ಮಗಳು ಕೇಳಿಸಿಕೊಂಡು ತನ್ನ ದುಪಟ್ಟಾದ ಅಂಚಿನಿಂದ ಒಂದು ಎಳೆ ಕಿತ್ತಳು.

ನಾವು ಮಾತಾಡುತ್ತಿದ್ದ ಹಾಗೇ ನೆರಳು ಒಂದು ಗೇಣಿಗಿಂತ ಜಾಸ್ತಿ ಸರಿದುಬಿಟ್ಟಿತ್ತು. ನಿಮಿಷಕ್ಕೆ ಆರು ಸೆಂಟಿಮೀಟರ್. ಇಬ್ಬರೂ ಮಾತು ನಿಲ್ಲಿಸಿದೆವು. ಕಣ್ಣು ಮಿಟುಕಿಸದೆ ನೋಡಿದರೆ ಅದು ಸರಿಯುವುದು ಕಾಣುತ್ತದೆ.

"ಚಿಕ್ಕದರ ಹತ್ರ ಹೋಗಿ ಇನ್ನೊಂದ್ಸಲ ಓದೋಣಮ್ಮಾ" ಅಂದಳು, ಎಳೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು.